ಯೋಗಾರ್ಥಿಗಳ ಪ್ರವಾಸಕಥನಗಳು: ಒಂದು ವಿಮರ್ಶೆ

ಯೋಗಾಭ್ಯಾಸಕ್ಕೆಂದು ಪರದೇಶಗಳಿಂದ ಮೈಸೂರಿಗೆ ಬಂದವರು ಬರೆದ ಪ್ರವಾಸಕಥನಗಳು ಈಗ ಒಂದು ಚಿಕ್ಕ ಸಾಹಿತ್ಯಪ್ರಕಾರವೇ ಆಗಿ ಬೆಳೆದಿವೆ. ಇದರ ಬೇರು ಹಳೆಯದು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಯುತ್ತಿದ್ದ ಕೃಷ್ಣಮಾಚಾರ್ಯರ ಯೋಗಶಾಲೆಗೆ ರೀಗಾದಲ್ಲಿ ಜನಿಸಿದ ಇಂದ್ರಾದೇವಿ ಸೇರಿದ್ದರು. 1964ರಲ್ಲಿ ಬೆಲ್ಜಿಯಮ್ಮಿನ ವಾನ್ ಲೀಸ್ಬೆತ್ ಪಟ್ಟಾಭಿ ಜೋಯಿಸರ ಬಳಿಗೆ ಬಂದರು. ಆ ಬಳಿಕ ಬಂದವರೂ ಹೆಚ್ಚಿದರು, ಬರೆದವರೂ ಹೆಚ್ಚಿದರು.

ವಾಚಕರು ಇಂತಹ ಯಾವ ಬರಹವನ್ನು ತೆರೆದರೂ ಹೆಚ್ಚುಕಡಮೆ ಒಂದೇ ದಿನಚರಿ ದೊರೆಯುತ್ತದೆ. ಸೂರ್ಯೋದಯಕ್ಕೆ ಮುಂಚೆ ಏಳುವುದು, ಶಾಲೆಯ ಹೊರಗೆ ಕಾದು ಕುಳಿತು ಒಳಗಿನಿಂದ 'ಒನ್ ಮೋರ್' ಎಂಬ ಕರೆ ಬಂದೊಡನೆ ಚಾಪೆ ಹಿಡಿದು ಧಾವಿಸುವುದು, ಅಭ್ಯಾಸ ಮುಗಿದ ಮೇಲೆ ಗೋಕುಲಂ ಬೀದಿಯಲ್ಲಿ ಎಳನೀರು. ಅನಂತರ ದನಗಳು, ಹೂವಾಡಗಿತ್ತಿಯರು, ಆಟೋರಿಕ್ಷಾಗಳ ಗದ್ದಲ. ಮುಂಜಾನೆಯ ರಂಗೋಲಿಯನ್ನು ಇವರು ವರ್ಣಿಸುವ ತಾಳ್ಮೆ ನಮ್ಮ ಎಷ್ಟೋ ಕಾದಂಬರಿಕಾರರಿಗಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಎಳನೀರು ಕೆತ್ತುವವನ ಮಚ್ಚು ಬರಹದಲ್ಲಿ ಬರುತ್ತದೆ, ಅವನ ಊರು ಬರುವುದಿಲ್ಲ. ಯೋಗವೆಲ್ಲ ಶಾಲೆಯ ಒಳಗಿದೆ, ಬೀದಿ ಬರಿಯ ನೋಟ ಎಂಬ ಭಾವನೆಯೇ ಇದಕ್ಕೆ ಕಾರಣ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿ ನಮ್ಮ ಸೀಮೆಯ ಮೇಲೆಯೇ ಹಾಯುತ್ತದೆ. ರಾಮನಗರದಲ್ಲಿ ಬಂಡೆ, ಚನ್ನಪಟ್ಟಣದಲ್ಲಿ ಬೊಂಬೆ. ಇಷ್ಟರಲ್ಲಿ ಕಥನ ಮೈಸೂರು ಸೇರಿರುತ್ತದೆ. ದಾರಿಯಿಂದ ಸರಿದು ನಿಂತ ಮಾಗಡಿ, ಕನಕಪುರಗಳ ಮಾತೇ ಇಲ್ಲ. (ನಮ್ಮ ಬಂಡೆಗಳಿಗೆ ಪರರ ಕಣ್ಣು ಹೊಸದಲ್ಲ, 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಲಚ್ಚಿತ್ರದಲ್ಲಿ ಮಾಗಡಿಯ ಸಾವನದುರ್ಗವು ಮರಾಬಾರ್ ಎಂಬ ಕಲ್ಪಿತ ಗುಹೆಗಳ ವೇಷ ಧರಿಸಿತು.) ರಾಮನಗರದ ಮಾರುಕಟ್ಟೆಗೆ ರೈತನು ರೇಷ್ಮೆಗೂಡು ತಂದು ಸುರಿಯುವುದನ್ನಾಗಲಿ, ಬಿಸಿನೀರಿನ ಮುಂದೆ ಕುಳಿತು ನೂಲು ಬಿಚ್ಚುವವರ ಕೈಗಳನ್ನಾಗಲಿ ಯಾರೂ ನಿಂತು ನೋಡಿದಂತಿಲ್ಲ.

ಚನ್ನಪಟ್ಟಣದ ಬೊಂಬೆಗಾರನನ್ನೇ ನೋಡಿರಿ. ಹಾಲೆಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಂತೆಯೇ ಉಳಿಯಿಂದ ಅದಕ್ಕೆ ರೂಪ ಕೊಡುತ್ತಾನೆ. ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಒತ್ತಡ ಕಡಮೆಯಾದರೆ ಅರಗು ಕರಗದು, ಹೆಚ್ಚಾದರೆ ಲೇಪ ಸಮನಾಗದು. ಕೊನೆಗೆ ಒಣಗಿದ ಕೇದಗೆಯ ಎಲೆಯಿಂದ ಹೊಳಪು. ದಿನವಿಡೀ ಕಣ್ಣು, ಕೈ, ಉಸಿರು ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಈ ಕಸಬಿನಲ್ಲಿ ಮುಸಲ್ಮಾನ ಕುಟುಂಬಗಳೂ ಹಲವಿವೆ. ಬುಟ್ಟಿ ಹೆಣೆದ ಮೇದಾರ ಕೇತಯ್ಯನನ್ನೂ ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ ಶರಣರೆಂದು ನಮಿಸುವ ನಾವು ಇದನ್ನು ಏಕಾಗ್ರತೆಯ ಅಭ್ಯಾಸವೆನ್ನದೆ ಬೇರೇನೆನ್ನೋಣ? ಏಕಾಗ್ರತೆಯನ್ನು ಅರಸಿ ಸಾವಿರಾರು ಮೈಲಿ ಬಂದವರು ಇಲ್ಲಿ ಬೊಂಬೆಯ ಬೆಲೆ ಕೇಳಿ ಮುಂದೆ ಹೋಗುತ್ತಾರೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳವರಿಗೆ ಇಷ್ಟಲಿಂಗಪೂಜೆಯೂ ಮಕ್ಕಳ ಅನ್ನದಾಸೋಹವೂ ಬೇರೆಬೇರೆ ಕೆಲಸಗಳಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು.

ಭಾಷೆಯ ವಿಷಯ ಇನ್ನೂ ವಿಚಿತ್ರ. ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲಿಯೇ ಬಂದಿತು. ಜೋಯಿಸರ 'ಯೋಗಮಾಲಾ' 1962ರ ಕನ್ನಡ ಗ್ರಂಥ. ಇದರ ಇಂಗ್ಲಿಷ್ ಅನುವಾದ ಹೊರಬಂದದ್ದು 1999ರಲ್ಲಿ. ಅಲ್ಲಿಯವರೆಗಿನ 37 ವರ್ಷ ಗುರುವಿನ ಪುಸ್ತಕ ಗುರುವಿನ ಭಾಷೆಯಲ್ಲಿಯೇ ಉಳಿದಿತ್ತು. ಅದನ್ನು ಓದಲೆಂದು ಕನ್ನಡ ಕಲಿತೆನೆಂಬ ಮಾತು ನಾವು ಓದಿದ ಕಥನಗಳಲ್ಲಿ ಕಾಣಲಿಲ್ಲ.

ಒಂದು ಕಠಿಣವಾದ ಮಾತನ್ನೂ ಹೇಳಬೇಕಾಗಿದೆ. ತಿದ್ದುವ ನೆಪದಲ್ಲಿ ಜೋಯಿಸರು ತಮ್ಮನ್ನು ಅನುಚಿತವಾಗಿ ಮುಟ್ಟಿದರೆಂದು ಅನೇಕ ಶಿಷ್ಯೆಯರು ಅವರು 2009ರಲ್ಲಿ ತೀರಿಕೊಂಡ ಮೇಲೆ ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸರು ಆ ನೋವಿಗಾಗಿ ವಿಷಾದ ವ್ಯಕ್ತಪಡಿಸಿದರು. ಬೀದಿಯ ಸದ್ದನ್ನು ಪುಟಗಟ್ಟಲೆ ಬರೆದ ಲೇಖನಿಗಳು ಶಾಲೆಯೊಳಗಿನ ಈ ಸಂಗತಿಯ ಎದುರಿಗೆ ಬಹುಕಾಲ ಮೌನವಾಗಿದ್ದವು. ಗುರುಭಕ್ತಿಯನ್ನು ಬಲ್ಲ ನಾವು ಈ ಮೌನವನ್ನು ಭಕ್ತಿಯೆಂದು ಕರೆಯಲಾರೆವು. ಗುರುವನ್ನು ಪರೀಕ್ಷಿಸಿ ಸ್ವೀಕರಿಸಬೇಕೆಂದೇ ನಮ್ಮ ಹಿರಿಯರು ವಿಧಿಸಿದ್ದಾರೆ.

ಪರದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅಲ್ಲಿಯ ಬೀದಿಗಳನ್ನು ಕುರಿತು ಬರೆದು ಕಳುಹಿಸಿದರೆ ಈ ಪತ್ರಿಕೆ ಸಂತೋಷದಿಂದ ಪ್ರಕಟಿಸುವುದು. ಅಂಗಡಿಯವನ ಊರು, ಕಸಬುಗಳನ್ನು ಕೇಳಿ ಬರೆಯಲಿ. ಮೈಸೂರಿನ ಕಥನಗಳಲ್ಲಂತೂ ಬೊಂಬೆಯ ಆ ಒಂದು ಸಾಲೂ ಇನ್ನು ಮುಂದೆ ಉಳಿಯುವುದು ಸಂದೇಹ. 2023ರ ಮಾರ್ಚಿಯಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತವೆ. ಬೊಂಬೆಗಾರನ ಅಂಗಡಿ ನೋಡಬೇಕೆನ್ನುವವರು ಹಳೆಯ ರಸ್ತೆಗೆ ಇಳಿಯಬೇಕು.