ನಂಜನಗೂಡಿಗೆ ಸರಿ, ಟಿ. ನರಸೀಪುರಕ್ಕೆ ತಪ್ಪು

ಮೈಸೂರು ಜಿಲ್ಲೆಯ ತಾಲ್ಲೂಕುವಾರು ಅಂಕಿಅಂಶಗಳಿಗಾಗಿ ಬರೆದ ಸ್ಯಾಸ್ ಪ್ರೋಗ್ರಾಮನ್ನು ಪರೀಕ್ಷಿಸುವವರು ನಂಜನಗೂಡಿನ ಜೊತೆಗೆ ಟಿ. ನರಸೀಪುರವನ್ನೂ ತೆಗೆದುಕೊಳ್ಳಲೇಬೇಕು. ನಂಜನಗೂಡನ್ನು ಹಾದು ಬಂದ ಕಪಿಲೆ ಕಾವೇರಿಯನ್ನು ಕೂಡುವುದು ಟಿ. ನರಸೀಪುರದಲ್ಲಿ. ಅಷ್ಟು ಹತ್ತಿರದ ತಾಲ್ಲೂಕುಗಳಾದರೂ ಇಂಗ್ಲಿಷಿನಲ್ಲಿ ಫೋಲ್ಡರಿಗೆ ಹೆಸರಿಟ್ಟಾಗ ಒಂದರಲ್ಲಿ ಸ್ಪೇಸ್ ಇಲ್ಲ, ಇನ್ನೊಂದರಲ್ಲಿ 'ಟಿ'ಯ ಬೆನ್ನಿಗೇ ಇದೆ.

ಈ ಸ್ಪೇಸಿನಿಂದ ಪ್ರೋಗ್ರಾಮ್ ಎಡವಿದರೆ ಅದರಲ್ಲಿ ಸ್ಯಾಸ್‌ನ ತಪ್ಪು ಕಡಿಮೆ. ಲಿಬ್‌ನೇಮ್, ಫೈಲ್‌ನೇಮ್, ಇನ್‌ಫೈಲ್ ಹೇಳಿಕೆಗಳಲ್ಲಿ ಪಾತನ್ನು ಕೋಟ್ ಒಳಗೆ ಕೊಟ್ಟರೆ ಸ್ಪೇಸ್ ಯಾವ ತೊಂದರೆಯನ್ನೂ ಮಾಡದು. ವಿಂಡೋಸ್‌ನಲ್ಲಿ ಸ್ಯಾಸ್ ಸ್ವತಃ ಕೂರುವುದೇ ಸಾಮಾನ್ಯವಾಗಿ 'ಪ್ರೋಗ್ರಾಮ್ ಫೈಲ್ಸ್' ಎಂಬ ಸ್ಪೇಸ್ ಇರುವ ಫೋಲ್ಡರಿನಲ್ಲಿ. ಎಡವಟ್ಟಾಗುವುದು ಎಕ್ಸ್ ಕಮಾಂಡ್ ಅಥವಾ ಪೈಪ್ ಮೂಲಕ ಕೆಲಸವನ್ನು ವಿಂಡೋಸ್‌ಗೆ ಒಪ್ಪಿಸಿದಾಗ. ಎಕ್ಸ್‌ಗೆ ಹಾಕಿದ ಕೋಟನ್ನು ಸ್ಯಾಸ್ ಕಳಚಿ, ಒಳಗಿನದನ್ನಷ್ಟೇ ಮುಂದಕ್ಕೆ ಕಳಿಸುತ್ತದೆ. ಫೋಲ್ಡರ್ ಸೃಷ್ಟಿಸುವ ಎಂಕೆಡಿರ್ ಆದೇಶವನ್ನು ಹೀಗೆ ಕೊಟ್ಟರೆ ನಂಜನಗೂಡಿನ ಫೋಲ್ಡರ್ ಸರಿಯಾಗಿ ಹುಟ್ಟುತ್ತದೆ. ಟಿ. ನರಸೀಪುರಕ್ಕೆ ಎರಡು ಫೋಲ್ಡರ್: ಕೇಳಿದ ಜಾಗದಲ್ಲಿ ಬರೀ 'ಟಿ', ಆ ಹೊತ್ತಿಗೆ ಸ್ಯಾಸ್ ಎಲ್ಲಿ ನಿಂತಿತ್ತೋ ಅಲ್ಲಿ 'ನರಸೀಪುರ'. ಎಚ್. ಡಿ. ಕೋಟೆಯ ಅಕ್ಷರಗಳ ನಡುವೆ ಸ್ಪೇಸ್ ಬಿಟ್ಟಿದ್ದರೆ ಮೂರು. ವಿಂಡೋಸ್‌ನ ಲೆಕ್ಕದಲ್ಲಿ ಆದೇಶ ಯಶಸ್ವಿ, ಲಾಗ್‌ನಲ್ಲಿ ಎರರ್ ಇರುವುದಿಲ್ಲ. ಹೀಗೆ ಸದ್ದಿಲ್ಲದೆ ನಡೆಯುವ ತಪ್ಪೇ ಹೆಚ್ಚು ಅಪಾಯಕಾರಿ.

ಇದಕ್ಕೆ ಬಳಕೆಯಲ್ಲಿರುವ ಪರಿಹಾರಗಳು ಮುಖ್ಯವಾಗಿ ಮೂರು. ಮೊದಲನೆಯದು ಸ್ಪೇಸನ್ನೇ ನಿಷೇಧಿಸಿ ಅಂಡರ್‌ಸ್ಕೋರ್ ಹಾಕುವುದು. ನಾವೇ ಹೊಸದಾಗಿ ಮಾಡುವ ಫೋಲ್ಡರಿಗೆ ಇದು ಒಳ್ಳೆಯ ಶಿಸ್ತು. ಆದರೆ ಬೇರೆಯವರು ಕೊಟ್ಟ ಫೋಲ್ಡರಿನ ಹೆಸರು ತಿದ್ದಿದರೆ ಅದನ್ನೇ ನಂಬಿರುವ ಇನ್ನೊಂದು ಪ್ರೋಗ್ರಾಮ್ ಕೆಡುತ್ತದೆ. ಮೇಲಾಗಿ ದತ್ತಾಂಶದ ಒಳಗೆ ಊರಿನ ಹೆಸರು ಮೊದಲಿದ್ದಂತೆಯೇ ಇರುತ್ತದೆ. ಸ್ಪೇಸಿನಿಂದ ಬೇರ್ಪಡಿಸಿದ ಪಠ್ಯವನ್ನು, ಉದ್ದ ನಿಗದಿ ಮಾಡದೆ, ಲಿಸ್ಟ್ ಇನ್‌ಪುಟ್‌ನಲ್ಲಿ ಓದಿಸಿ ನೋಡಿ. ಟಿ. ನರಸೀಪುರ ಎರಡು ಕಾಲಮ್ಮಿಗೆ ಹರಿದುಹೋಗುತ್ತದೆ. ನಂಜನಗೂಡೂ ಬಚಾವಾಗುವುದಿಲ್ಲ: ಇಂಗ್ಲಿಷಿನಲ್ಲಿ ಅದಕ್ಕೆ 9 ಅಕ್ಷರ, ಸ್ಯಾಸ್ ತಾನಾಗಿ ಕೊಡುವ ಜಾಗ 8. ಕೊನೆಯ 'ಡಿ' ಬಿದ್ದುಹೋಗುತ್ತದೆ.

ಎರಡನೆಯದು ಕೋಟ್ ಮೇಲೆ ಕೋಟ್. ತಾಲ್ಲೂಕಿನ ಹೆಸರು ಮ್ಯಾಕ್ರೋ ವೇರಿಯಬಲ್‌ನಿಂದ ಬರುವುದಾದರೆ ಹೊರಗೆ ಡಬಲ್ ಕೋಟೇ ಬೇಕು, ಸಿಂಗಲ್ ಕೋಟ್ ಒಳಗೆ ಅದು ಬಿಚ್ಚಿಕೊಳ್ಳುವುದಿಲ್ಲ. ಆಗ ವಿಂಡೋಸ್‌ಗೆ ತಲುಪಬೇಕಾದ ಒಂದೊಂದು ಡಬಲ್ ಕೋಟನ್ನೂ ಎರಡೆರಡು ಸಲ ಬರೆಯಬೇಕು. ಈ ವಿಧಾನ ಕೆಲಸ ಮಾಡುತ್ತದೆ, ಅನುಮಾನವಿಲ್ಲ. ಆದರೆ ಬರೆದವರೇ ಆರು ತಿಂಗಳ ನಂತರ ಓದಲು ತಿಣುಕುವಂಥ ಕೋಡ್ ಉಳಿಯುತ್ತದೆ.

ಮೂರನೆಯದು ಸ್ಯಾಸ್‌ನ ಸ್ವಂತ ಫಂಕ್ಷನ್‌ಗಳು: ಫೋಲ್ಡರ್ ಸೃಷ್ಟಿಸಲು ಡಿಕ್ರಿಯೇಟ್, ಒಳಗಿನ ಪಟ್ಟಿ ಓದಲು ಡಿಓಪನ್ ಮತ್ತು ಡಿರೀಡ್, ನಕಲಿಗೆ ಎಫ್‌ಕಾಪಿ. ಇಲ್ಲಿ ಹೆಸರು ವಿಂಡೋಸ್‌ನ ಕಮಾಂಡ್ ಸಾಲಿಗೆ ಹೋಗುವುದೇ ಇಲ್ಲ, ಆದ್ದರಿಂದ ಸ್ಪೇಸ್ ಹೆಸರಿನ ಭಾಗವಾಗಿಯೇ ಉಳಿಯುತ್ತದೆ. ಡಿಕ್ರಿಯೇಟ್ ಗೆದ್ದರೆ ಹೊಸ ಫೋಲ್ಡರಿನ ಪೂರ್ತಿ ಪಾತನ್ನು, ಸೋತರೆ ಖಾಲಿ ಉತ್ತರವನ್ನು ಕೊಡುತ್ತದೆ. ತಪ್ಪನ್ನು ಅಲ್ಲೇ ಹಿಡಿಯಬಹುದು. ಭದ್ರತೆಗಾಗಿ ಎಕ್ಸ್ ಕಮಾಂಡನ್ನು ಮುಚ್ಚಿಟ್ಟ ಸರ್ವರ್‌ಗಳಲ್ಲೂ ಇವು ನಡೆಯುತ್ತವೆ. ನಾಲ್ಕು ಸಾಲು ಹೆಚ್ಚು ಬರೆಯಬೇಕು ಎಂಬ ದೂರು ಈ ಲಾಭದ ಮುಂದೆ ನಿಲ್ಲುವುದಿಲ್ಲ.

ಹಾಗಾಗಿ ನನ್ನ ಮತ ಮೂರನೆಯದಕ್ಕೆ. ಬೇರೊಂದು ತಂತ್ರಾಂಶವನ್ನು ಓಡಿಸಲೇಬೇಕಾದಾಗ ಮಾತ್ರ ಎಕ್ಸ್ ಇರಲಿ, ಆಗ ಕೋಟ್ ಸುತ್ತುವ ಕೆಲಸವನ್ನು ಒಂದೇ ಮ್ಯಾಕ್ರೋಗೆ ವಹಿಸಿ. ಜನ ಬಳಸುವ ಊರ ಹೆಸರನ್ನು ಇದ್ದ ಹಾಗೆಯೇ ಹೊತ್ತುಕೊಂಡು ಹೋಗುವುದು ಪ್ರೋಗ್ರಾಮ್ ಬರೆಯುವವರ ಹೊಣೆ. ತಾಲ್ಲೂಕು ಪಟ್ಟಿಯ ಒಂದು ಹೆಸರಿಗೆ ಸೋಲುವ ಪ್ರೋಗ್ರಾಮನ್ನು ಜಿಲ್ಲೆಯ ವರದಿಗೆ ನೆಚ್ಚಿಕೊಳ್ಳಲಾಗದು.