ಯಕೃತ್ತಿನ ಮೇದಸ್ಸು: ಅಳತೆಯೊ, ಅನುಮಾನವೊ?

ಪಾರಿಭಾಷಿಕ ಶಬ್ದಗಳ ವಿಮರ್ಶೆಯು ವೈಯಾಕರಣರ ವಿನೋದಮಾತ್ರವೆಂದು ಬಗೆಯುವವರುಂಟು. ಆದರೆ ಯಕೃತ್ತಿನಲ್ಲಿ ಸೇರಿದ ಮೇದಸ್ಸನ್ನು ಅಲ್ಟ್ರಾಸೌಂಡಿನಿಂದ ಪರೀಕ್ಷಿಸುವ ವಿಷಯವಾಗಿ ಕನ್ನಡದಲ್ಲಿ ಬರುತ್ತಿರುವ ಬರೆಹಗಳಲ್ಲಿ ಒಂದು ಕ್ರಿಯಾಪದದ ದೋಷವೇ ರೋಗಿಯನ್ನು ದಾರಿತಪ್ಪಿಸುವಂತಿದೆ. ಆ ಪರೀಕ್ಷೆಯು ಕೊಬ್ಬನ್ನು ‘ಅಳೆಯುತ್ತದೆ’ ಎಂದು ಬರೆಯುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದೇ ಪ್ರಕೃತ ವಿಚಾರ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂಗ್ಲಿಷಿನ ವರದಿಯನ್ನು ಉಪಾಧ್ಯಾಯರಿಂದ ಓದಿಸಿ ಕೇಳುವವರು ಇಂದಿಗೂ ಉಂಟು. ಆದುದರಿಂದ ಈ ವಿಚಾರವು ನಮ್ಮ ವಾಚಕರಿಗೂ ಸಂಬಂಧಿಸಿದುದೇ. ಮೊದಲನೆಯ ತೊಡಕು ಅಂಗದ ಹೆಸರಿನಲ್ಲಿಯೇ ಇದೆ. ಯಕೃತ್ತನ್ನು ಕೆಲವರು ‘ಪಿತ್ತಕೋಶ’ವೆನ್ನುವರು. ಕೋಶವೆಂದರೆ ಚೀಲ, ಪಿತ್ತವನ್ನು ತುಂಬಿಡುವ ಆ ಚೀಲವು ಯಕೃತ್ತಿನ ಕೆಳಗಿರುವ ಬೇರೊಂದು ಅಂಗ. ವರದಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲುಗಳಿರುವುದರಿಂದ ಸಾಂಕರ್ಯವು ತಪ್ಪದು. ‘ಯಕೃತ್ತು’ ಅಥವಾ ‘ಈಲಿ’ ಎಂಬುದೇ ಲೇಸು.

ಇನ್ನು ಕ್ರಿಯಾಪದ. ಸೆಕೆಂಡಿಗೆ ೨೦,೦೦೦ ಕಂಪನಗಳನ್ನು ಮೀರಿದ ಧ್ವನಿಯು ಮನುಷ್ಯನ ಕಿವಿಗೆ ಕೇಳಿಸದು. ಉದರಪರೀಕ್ಷೆಗೆ ಬಳಸುವುದು ಸುಮಾರು ೨೦ರಿಂದ ೫೦ ಲಕ್ಷ ಕಂಪನಗಳ ತರಂಗ. ಮೇದೋಬಿಂದುಗಳು ಇದನ್ನು ಚೆದರಿಸಿ ಮರಳಿಸುವುದರಿಂದ ಯಕೃತ್ತು ನೆರೆಯ ಮೂತ್ರಪಿಂಡಕ್ಕಿಂತ ಬೆಳ್ಳಗೆ ತೋರುವುದು; ಆಳದ ಭಾಗಗಳು ಮಸುಳುವುವು. ಈ ಬಿಳುಪನ್ನೂ ಮಸುಕನ್ನೂ ಕಣ್ಣಳತೆಯಿಂದ ನೋಡಿ ೧, ೨, ೩ ಎಂಬ ದರ್ಜೆಗಳನ್ನು ಕೊಡುವರು. ಇಲ್ಲಿ ಬಿಳುಪು ಹೇತು, ಮೇದಸ್ಸು ಸಾಧ್ಯ. ಹೊಗೆಯಿಂದ ಬೆಂಕಿಯುಂಟೆಂದು ತಿಳಿಯಬಹುದಲ್ಲದೆ ಉರಿಯುವ ಸೌದೆಯ ತೂಕವನ್ನು ಹೇಳಲಾದೀತೆ? ಮೇಲಾಗಿ ಈ ಹೇತುವು ಸವ್ಯಭಿಚಾರ. ನಾರುಗಟ್ಟಿದ ಯಕೃತ್ತೂ ಬೆಳ್ಳಗೆ ತೋರಬಹುದು. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದ ಬೆಂಕಿಯಿರುವಂತೆ, ಬಿಳುಪಿಲ್ಲದೆಯೂ ಮೇದಸ್ಸಿರಬಹುದು. ಯಕೃತ್ಕೋಶಗಳಲ್ಲಿ ಶೇಕಡಾ ೫ಕ್ಕೆ ಮೇದಸ್ಸು ತುಂಬಿದರೆ ವೈದ್ಯರು ವಿಕಾರವೆಂದೆಣಿಸುವರು. ಈ ಚಿತ್ರದಲ್ಲಿ ಅದು ನೆಚ್ಚುವಂತೆ ಕಾಣುವುದು ಶೇಕಡಾ ೨೦–೩೦ ಮೀರಿದ ಮೇಲೆಯೇ.

ತರಂಗದ ಕ್ಷಯವನ್ನೇ ಸಂಖ್ಯೆಯಲ್ಲಿ ಹೇಳುವ ಯಂತ್ರಗಳೂ ಬಂದಿವೆಯಲ್ಲವೆ ಎಂದರೆ, ನಿಜ. ಫೈಬ್ರೋಸ್ಕ್ಯಾನಿನ ಸಿ.ಎ.ಪಿ. ಎಂಬ ಎಣಿಕೆಯು ಮೀಟರಿಗೆ ೧೦೦ರಿಂದ ೪೦೦ ಡೆಸಿಬಲ್‌ಗಳವರೆಗೆ ನಡೆಯುವುದು. ಅಲ್ಲಿ ‘ಅಳತೆ’ಯೆಂಬ ಮಾತು ಸಲ್ಲುವುದು; ಆದರೂ ಅಳೆದದ್ದು ಧ್ವನಿಯ ಕುಗ್ಗುವಿಕೆಯನ್ನು, ಮೇದಸ್ಸನ್ನಲ್ಲ.

ಇದರಿಂದ ಪರೀಕ್ಷೆಯು ನಿಷ್ಪ್ರಯೋಜಕವೆಂದು ಯಾರೂ ಭಾವಿಸಬಾರದು. ಕತ್ತಿಯಿಲ್ಲ, ನೋವಿಲ್ಲ, ವಿಕಿರಣವಿಲ್ಲ, ವೆಚ್ಚವೂ ಕಡಮೆ. ೨೦೨೧ರಲ್ಲಿ ಭಾರತಸರ್ಕಾರವು ಈ ವ್ಯಾಧಿಯನ್ನು ತನ್ನ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಸೇರಿಸಿತು. ೨೦೨೩ರಲ್ಲಿ ನಾನಾ ದೇಶಗಳ ವೈದ್ಯಸಂಘಗಳು, ಹಳೆಯ ಹೆಸರು ರೋಗಿಗೆ ಕಳಂಕವನ್ನು ತರುವುದೆಂದು ಅದನ್ನೇ ಬದಲಾಯಿಸಿದುವು. ಶಬ್ದದ ಹೊಣೆಯನ್ನು ವೈದ್ಯರೇ ಹೊತ್ತಿರುವಾಗ ನಾವು ಉದಾಸೀನರಾಗಲಾಗದು.

‘ಅನುಮಾನ’ವೆಂಬುದು ಶಾಸ್ತ್ರದಲ್ಲಿ ಪ್ರಮಾಣ, ಲೋಕದ ಕನ್ನಡದಲ್ಲಾದರೊ ಸಂಶಯ. ಆದುದರಿಂದ ರೋಗಿಯ ಮುಂದೆ ‘ಅಂದಾಜು’ ಎಂಬುದೇ ಯುಕ್ತ. ಶಿಗ್ಗಾಂವಿ ತಾಲ್ಲೂಕಿನ ಬಾಡದವರಾದ ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತ ರಾಗಿಗಳ ತಾರತಮ್ಯವನ್ನು ನೋಟಮಾತ್ರದಿಂದ ತೀರ್ಮಾನಿಸದೆ, ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದರು. ಒಂದು ಚಿತ್ರದ ಬಿಳುಪನ್ನೂ ಹಾಗೆಯೇ ರಕ್ತಪರೀಕ್ಷೆ, ತೂಕ, ಮಧುಮೇಹಗಳೊಡನೆ ಕೂಡಿಸಿ ನೋಡತಕ್ಕದ್ದು. ‘ಗ್ರೇಡ್ ೨’ ಎಂದರೆ ಎರಡು ಪಾಲು ಕೊಬ್ಬಲ್ಲ, ನಡುವಣ ದರ್ಜೆಯೆಂಬ ಅಂದಾಜು. ಮುಂದಿನದನ್ನು ವೈದ್ಯರಲ್ಲಿ ಕೇಳತಕ್ಕದ್ದು. ವರದಿಯನ್ನು ಓದಿಹೇಳುವ ಉಪಾಧ್ಯಾಯರು ಇಷ್ಟನ್ನು ತಿಳಿಸಿದರೆ ಸಾಕು.