ನಾಬ್ ಬದಲಾಗಲಿ, ಲಿವರ್ ಕೆಡದಿರಲಿ

ಭಟ್ಕಳದವರಿಗೆ ಕೋಗಾರ್ ಘಾಟಿ, ಹೊನ್ನಾವರದವರಿಗೆ ಗೇರುಸೊಪ್ಪೆ ಘಾಟಿ, ಕುಮಟಾದವರಿಗೆ ದೇವಿಮನೆ ಘಾಟಿ. ಈ ಮೂರು ಊರಿನ ಕಾರುಗಳು ಸಾಗರಕ್ಕೋ ಶಿರಸಿಗೋ ಹೊರಟರೆ ತಿರುವು ಶುರುವಾದಲ್ಲಿಂದ ಎಡಗೈಗೆ ಬಿಡುವಿಲ್ಲ. ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಸ್ಟೀರಿಂಗ್ ಬಿಟ್ಟರೆ ಅಂಗೈ ಹೆಚ್ಚು ಮುಟ್ಟುವುದು ಗೇರ್ ನಾಬನ್ನೇ. ಅದು ಕೈಗೆ ಒಪ್ಪುವಂತಿರಬೇಕು ಎಂದು ಬಯಸುವುದು ಬರೀ ಶೋಕಿಯಲ್ಲ. ಆದರೆ ಆ ಆಸೆಗಾಗಿ ಗೇರ್ ಲಿವರನ್ನೇ ಹಾಳು ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ನಾಬ್ ಹೋದರೆ ಇನ್ನೊಂದು ಸಿಗುತ್ತದೆ. ಲಿವರಿನ ತ್ರೆಡ್ ಹೋದರೆ ಗೇರ್ ಕನ್ಸೋಲ್ ಪೂರ್ತಿ ಬಿಚ್ಚಬೇಕು.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಗೇರ್ ಹೆಚ್ಚಾಗಿ ಸ್ಟೀರಿಂಗ್ ಪಕ್ಕದಲ್ಲೇ ಇರುತ್ತಿತ್ತು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ನೆಲದಿಂದೆದ್ದ ಲಿವರ್, ಅದರ ತುದಿಯ ನಾಬ್ ಮನೆಮನೆಗೆ ಪರಿಚಯವಾಯಿತು. ಈಗ ಕೊಲ್ಲಿಯಿಂದ ರಜೆಗೆ ಬರುವ ಭಟ್ಕಳದ ಹುಡುಗರ ಬ್ಯಾಗಿನಲ್ಲೂ ಜಪಾನಿ ಮಾದರಿಯ ನಾಬ್ ಇರುತ್ತದೆ. ತಂದ ನಾಬ್ ಎಷ್ಟೇ ಚೆಂದವಿರಲಿ, ಮೊದಲು ನೋಡಬೇಕಾದ್ದು ಕಾರಿನಲ್ಲಿರುವ ಹಳೆಯದನ್ನು.

ಅದು ಹೇಗೆ ಕೂತಿದೆ? ಟೊಯೊಟಾ, ಹೋಂಡಾದ ಮ್ಯಾನ್ಯುವಲ್ ಕಾರುಗಳಲ್ಲಿ ಸಾಮಾನ್ಯವಾಗಿ ತ್ರೆಡ್ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ ನಾಬೂ ಲಿವರಿನ ಬುಡ ಮುಚ್ಚುವ ಚರ್ಮದ ಬೂಟೂ ಒಂದೇ ಜೋಡಣೆ. ಒಳಗೆ ಲೋಹದ ಪಟ್ಟಿಯೊಂದು ಅದನ್ನು ಲಿವರಿಗೆ ಬಿಗಿದಿರುತ್ತದೆ. ಅದನ್ನು ತಿರುಗಿಸಿದರೆ ಬೂಟ್ ಹರಿಯುತ್ತದೆಯೇ ಹೊರತು ನಾಬ್ ಬರುವುದಿಲ್ಲ. ರೆನೋ ಡಸ್ಟರಿನಂತೆ ರಿವರ್ಸ್‌ಗೆ ರಿಂಗ್ ಎತ್ತುವ ಕಾರಾದರೆ ಹೊಸ ನಾಬಿನಡಿ ಆ ರಿಂಗಿಗೆ ಜಾಗ ಉಳಿಯಬೇಕು. ಬಟನ್ ಒತ್ತಿ ಗೇರ್ ಹಾಕುವ ಆಟೊಮ್ಯಾಟಿಕ್ ಇದ್ದವರು ಅದೇ ಮಾದರಿಗೆಂದು ಮಾಡಿದ ನಾಬ್ ಸಿಗದಿದ್ದರೆ ಆಸೆ ಬಿಡುವುದೇ ಒಳ್ಳೆಯದು.

ಬಿಚ್ಚುವ ಕ್ರಮ ಹೀಗಿರಲಿ. ಸಮತಟ್ಟಾದ ಜಾಗ, ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೊಂದು ಕಲ್ಲು. ಬೂಟಿನ ಅಂಚನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನಕ್ಕೆ ಎಬ್ಬಿಸಿ. ಬೂಟನ್ನು ಕೆಳಕ್ಕೆ ಸರಿಸಿ, ಒಂದು ಕೈಯಲ್ಲಿ ಲಿವರನ್ನು ಗಟ್ಟಿಯಾಗಿ ಹಿಡಿದು ಇನ್ನೊಂದರಲ್ಲಿ ನಾಬ್ ತಿರುಗಿಸಿ. ಲಿವರ್ ಹಿಡಿಯದೆ ತಿರುವಿದರೆ ಆ ಬಲವೆಲ್ಲ ಬುಡದ ಪ್ಲಾಸ್ಟಿಕ್ ಕೀಲಿಗೆ ಹೋಗುತ್ತದೆ. ಜಗ್ಗದಿದ್ದರೆ ಕಾರ್ಖಾನೆಯಲ್ಲಿ ತ್ರೆಡ್ ಅಂಟು ಹಾಕಿರಬಹುದು. ಹೇರ್ ಡ್ರೈಯರಿನ ಬಿಸಿಗಾಳಿ ಕೆಲವು ನಿಮಿಷ ಹಿಡಿದರೆ ಅಂಟು ಸಡಿಲಾಗುತ್ತದೆ. ಒತ್ತಿ ಕೂರಿಸಿದ ನಾಬನ್ನು ಮೇಲಕ್ಕೆ ಎಳೆಯುವಾಗ ಮುಖ ಪಕ್ಕಕ್ಕಿರಲಿ. ಅದು ಒಮ್ಮೆಲೇ ಕಿತ್ತು ಬರುತ್ತದೆ.

ಈಗ ಅಳತೆ. ಟೊಯೊಟಾ ಲಿವರುಗಳು ಬಹುಮಟ್ಟಿಗೆ 12 ಮಿ.ಮೀ. ದಪ್ಪ, 1.25 ಪಿಚ್, ಹೋಂಡಾದ್ದು 10 ಮಿ.ಮೀ., 1.5 ಪಿಚ್, ನಿಸಾನ್, ಮಿತ್ಸುಬಿಷಿಯದು 10 ಮಿ.ಮೀ., 1.25 ಪಿಚ್. ಪಿಚ್ ಎಂದರೆ ಒಂದು ಸುತ್ತಿಗೆ ನಟ್ಟು ಇಳಿಯುವ ದೂರ. ಕೊನೆಯ ಎರಡು ಅಳತೆಗಳ ಪಿಚ್ಚಿನ ನಡುವಿನ ವ್ಯತ್ಯಾಸ ಕಾಲು ಮಿ.ಮೀ. ಮಾತ್ರ, ಅನಾಹುತವೆಲ್ಲ ಆಗುವುದು ಅದರಲ್ಲೇ. ತಪ್ಪು ನಾಬ್ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ‘ಹೊಸದಲ್ವಾ, ಸ್ವಲ್ಪ ಟೈಟು’ ಎಂದು ಒತ್ತಿದರೆ ಲಿವರಿನ ತ್ರೆಡ್ ಸವೆದೇ ಹೋಯಿತು. ಪರೀಕ್ಷೆಗೆ ಬೆರಳೇ ಸಾಕು: ಸರಿಯಾದ ನಟ್ಟು ಪಾನದ ಹಂಗಿಲ್ಲದೆ ಐದಾರು ಸುತ್ತು ಇಳಿಯಬೇಕು. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ 10ರ ನಟ್ಟು 1.5 ಪಿಚ್ಚಿನದು. 12ರ, 1.25ರ ಲಿವರ್ ನೋಡಲು ಮಾರುತಿಯ ಚಕ್ರದ ನಟ್ಟೇ ಅಳತೆಗೋಲಾಗುತ್ತದೆ, ಎರಡರ ತ್ರೆಡ್ಡೂ ಒಂದೇ.

ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ನಾಬುಗಳಲ್ಲಿ ಮೂರು ಚಿಕ್ಕ ಸ್ಕ್ರೂ ಇದ್ದು, ಅವು ಲಿವರನ್ನೇ ಕಚ್ಚಿ ಹಿಡಿಯುತ್ತವೆ. ಕಚ್ಚಿದಲ್ಲಿ ಲೇಪ ಕಿತ್ತು, ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹತ್ತುತ್ತದೆ. ಅದಕ್ಕಿಂತ ಸರಿಯಾದ ತ್ರೆಡ್ಡಿನ ಹಿತ್ತಾಳೆ ಅಡಾಪ್ಟರ್ ಮೇಲು.

ವಸ್ತುವಿನ ಆಯ್ಕೆಯಲ್ಲೂ ಕರಾವಳಿಯ ಲೆಕ್ಕ ಬೇರೆ. ಅಲ್ಯೂಮಿನಿಯಂ ನಾಬ್ ಹಗುರ, ನೋಡಲು ಸೊಗಸು. ಆದರೆ ಉಕ್ಕಿನ ಲಿವರಿನ ಮೇಲೆ ಅದು ಕೂತು, ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ತ್ರೆಡ್ ಕಚ್ಚಿಕೊಳ್ಳುತ್ತದೆ. ಹಾಕುವ ಮೊದಲು ಆಂಟಿ-ಸೀಜ್ ಗ್ರೀಸನ್ನು ತೆಳ್ಳಗೆ ಸವರಿ. ಸ್ಟೀಲೇ ಬೇಕೆಂದರೆ 304ಕ್ಕಿಂತ 316 ಒಳ್ಳೆಯದು. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪನ್ನು ತಡೆದುಕೊಳ್ಳುತ್ತದೆ. ಭಾರದ ಲೋಹದ ನಾಬ್ ಗೇರನ್ನು ಬೆಣ್ಣೆಯಂತೆ ಒಳಗೆಳೆಯುತ್ತದೆ, ನಿಜ. ಆದರೆ ಮುರ್ಡೇಶ್ವರದ ಬಯಲಿನಲ್ಲಿ ಏಪ್ರಿಲ್ ಬಿಸಿಲಿಗೆ ಕಾರು ನಿಲ್ಲಿಸಿ ಬಂದ ಮೇಲೆ ಅದನ್ನು ಮುಟ್ಟಲಾಗದು.

ಮರದ ನಾಬ್ ಕೈಗೆ ಹಿತ. ಕುಮಟಾ, ಹೊನ್ನಾವರ, ಶಿರಸಿಯ ಸುತ್ತ ಗುಡಿಗಾರರ ಕೆತ್ತನೆ ಪರಂಪರೆ ಇರುವ ಸೀಮೆ ನಮ್ಮದು. ಒಣಗಿದ ಮರದ ಬೆಲೆ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಚೆನ್ನಾಗಿ ಪಕ್ವವಾದ ತೇಗವೋ ಬೀಟೆಯೋ ಆಗಿರಲಿ, ಒಳಗೆ ಹಿತ್ತಾಳೆಯ ತ್ರೆಡ್ ಇರಲಿ. ತ್ರೆಡ್ಡನ್ನು ನೇರ ಮರದಲ್ಲೇ ಕೊರೆದಿದ್ದರೆ ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಸೀಳುತ್ತದೆ. ನನ್ನ ಮಟ್ಟಿಗೆ ಈ ಹವೆಗೆ ಎಲ್ಲಕ್ಕಿಂತ ಹೊಂದುವುದು ಡೆಲ್ರಿನ್. ಈ ಗಟ್ಟಿ ಪ್ಲಾಸ್ಟಿಕ್ ಬಿಸಿಲಿಗೆ ಲೋಹದಂತೆ ಕೈ ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ನೀರು ಕುಡಿಯುವುದು ಅತ್ಯಲ್ಪ.

ಕೂರಿಸುವಾಗ ಅಡಿಗೆ ಲಾಕ್‌ನಟ್ ಹಾಕಿ, ಗೇರ್ ಗುರುತು ನಿಮ್ಮ ಕಡೆ ನೇರವಾಗಿ ಬಂದಾಗ ನಟ್ಟನ್ನು ಮೇಲಕ್ಕೆ ಬಿಗಿಯಿರಿ. ಗುರುತಿಲ್ಲದ ನಾಬ್ ಬೇಡ. ನಿಮ್ಮ ಕಾರನ್ನು ಗ್ಯಾರೇಜಿನವರೂ ಓಡಿಸುತ್ತಾರೆ. ಘಾಟಿಗೆ ಒಯ್ಯುವ ಮುನ್ನ ಎಲ್ಲ ಗೇರನ್ನೂ, ರಿವರ್ಸನ್ನೂ ನಿಂತಲ್ಲೇ ಹಾಕಿ ನೋಡಿ. ಕೈ ಡ್ಯಾಶ್‌ಬೋರ್ಡಿಗೆ ತಾಗಬಾರದು. ಹಳೆಯ ನಾಬನ್ನು ಬೂಟಿನ ಕ್ಲಿಪ್ಪಿನ ಸಮೇತ ಕಟ್ಟಿಡಿ, ಕಾರು ಮಾರುವ ದಿನ ಬೇಕಾಗುತ್ತದೆ. ಲಿವರಿನ ತ್ರೆಡ್ ಅಳೆಯದೆ ಮಾತ್ರ ಯಾವ ನಾಬನ್ನೂ ಕೊಳ್ಳಬೇಡಿ.